ಪ್ರೊಸ್ಟೇಟ್ ಕ್ಯಾನ್ಸರ್: ಟ್ರೀಟ್‌ಮೆಂಟ್ ಆದ ಮ್ಯಾಗ "ಯಾಕರ ಮಾಡ್ಸ್ಕೊಂಡ್ನೋ" ಅಂತ ಯಾಕ ಅನ್ನಿಸ್ತದ?

ನಮಸ್ಕಾರ್ರಿ ಎಲ್ಲರಿಗೂ. ಇವತ್ತಿನ ವಿಷಯ ನಮ್ಮ ಕಡಿ ಗಂಡಸರು ಕಟ್ಟಿ ಮ್ಯಾಗ ಕುಂತು ಮಾತಾಡಂಗಿಲ್ಲ, ಮನ್ಯಾಗ ಹೆಂಡ್ತಿ ಮುಂದ ಸೈತ ಹೇಳಂಗಿಲ್ಲ. ಪ್ರೊಸ್ಟೇಟ್ ಕ್ಯಾನ್ಸರ್‌ಗೆ ಟ್ರೀಟ್‌ಮೆಂಟ್ ಮುಗಿಸ್ಕೊಂಡು ಬಂದಿರ್ತಾರ, ರಿಪೋರ್ಟ್ ಚೊಲೊ ಇರ್ತದ, ಡಾಕ್ಟ್ರು ಖುಷಿ, ಮಕ್ಕಳು ಖುಷಿ, ಆದ್ರ ಆ ಮನುಷ್ಯಾಗ ಮಾತ್ರ ಒಳಗೊಳಗೇ ಕೊರಿತಿರ್ತದ.

ಇದೇನು ಒಬ್ಬಿಬ್ಬರ ಮಾತಲ್ರಿ. ಅಮೆರಿಕಾದಾಗ ಎರಡು ಸಾವಿರ ಮ್ಯಾಗ ಪೇಷಂಟ್‌ಗಳಿಗೆ ಟ್ರೀಟ್‌ಮೆಂಟ್ ಆಗಿ 5 ವರ್ಷಕ್ಕ ಕೇಳಿದ್ರು, 2022ರಾಗ ಅದು ಪ್ರಿಂಟ್ ಆಯ್ತು. ಆಪರೇಷನ್ ಮಾಡ್ಸಿದವರಾಗ 100ಕ್ಕ 16 ಮಂದಿ, ರೇಡಿಯೇಷನ್ ತಗೊಂಡವರಾಗ 11, ಬರೇ ಚೆಕಪ್ ಮ್ಯಾಗ ಇದ್ದವರಾಗ (ಅಂದ್ರ ಕೂಡ್ಲೇ ಟ್ರೀಟ್‌ಮೆಂಟ್ ತಗೊಳ್ಳದೇ ಆಗಾಗ ಟೆಸ್ಟ್ ಮಾಡ್ಸ್ಕೋತ ಇದ್ದವರಾಗ) 7 ಮಂದಿ ಪಶ್ಚಾತ್ತಾಪ ಅದ ಅಂದ್ರು. ಯಾರಿಗೆ ಜಾಸ್ತಿ ಅಂದ್ರ, ಹಿಂಗಾಗ್ತದ ಅಂತ ಮೊದಲೇ ಅನ್ಕೊಂಡಿರ್ಲಿಲ್ಲ ಅನ್ನೋರಿಗೆ.

ಏನಾಗ್ತದ ಅಂದ್ರ, ಪ್ರೊಸ್ಟೇಟ್ ಅನ್ನೋದು ಗಂಡಸರಿಗೆ ಇರೋ ಒಂದು ಗ್ರಂಥಿ, ಅದು ಮೂತ್ರ ಚೀಲದ ಕೆಳಗ, ಮೂತ್ರದ ನಳಿಗಿ ಸುತ್ತ ಕುಂತಿರ್ತದ, ಗಂಡಸ್ತನದ ನರ ಅದರ ಬಾಜೂಕೇ ಹೋಗ್ತಾವ, ಅವಕ್ಕ ಪೆಟ್ಟು ಬಿದ್ರ ಗಂಡಸ್ತನ ಕುಗ್ಗಬಹುದು. ಆಪರೇಷನ್ ಮಾಡಿ ಪೂರಾ ತೆಗೆದ್ರ ಕೆಲವರಿಗೆ ಮೂತ್ರ ಹಿಡಿಯಾಕ ಆಗಂಗಿಲ್ಲ, ಕೆಮ್ಮಿದ್ರ ಸೋರ್ತದ, ತೊಗರಿ ಚೀಲ ಎತ್ತಿದ್ರ ಧೋತರ ಒದ್ದಿ. ಬಾಳ ಮಂದಿಗೆ ತಿಂಗಳುಗಟ್ಟಲೆ ಆದ ಮ್ಯಾಗ ಕಮ್ಮಿ ಆಗ್ತದ, ಖರೆ, ಆದ್ರ ಅದನ್ನ ಯಾರೂ ಹೇಳದಿದ್ರ ಆಳಂದದಿಂದ ಕಲಬುರಗಿಗೆ ಬಸ್ ಹತ್ತಾಕೂ ಅಂವ ಹಿಂದ ಸರೀತಾನ, ಶರಣಬಸವೇಶ್ವರ ಜಾತ್ರಿಗೂ ಹೋಗಂಗಿಲ್ಲ. ರೇಡಿಯೇಷನ್ ಅಂದ್ರ ಸೋಮವಾರದಿಂದ ಶುಕ್ರವಾರ, ಸಾಮಾನ್ಯವಾಗಿ 4ರಿಂದ 8 ವಾರ, ಯಾದಗಿರಿ ಕಡಿ ಹಳ್ಳಿಯಿಂದ ಬರೋರು ರೂಮ್ ಮಾಡ್ಕೊಂಡೇ ಇರಬೇಕಾಗ್ತದ, ಮುಂದ ಕೆಲವರಿಗೆ ಸಂಡಾಸದಾಗ ರಕ್ತ ಕಾಣಿಸ್ತದ.

ಮತ್ತ ಬರೇ ಚೆಕಪ್ ಮ್ಯಾಗ ಇದ್ರ ಸಾಯಂಗಿಲ್ಲೇನು ಅಂತ ಕೇಳ್ತೀರಿ. ಬ್ರಿಟನ್‌ನಾಗ 1,643 ಮಂದಿಯನ್ನ ಆಪರೇಷನ್, ರೇಡಿಯೇಷನ್, ಬರೇ ಚೆಕಪ್ ಅಂತ ಮೂರು ಗುಂಪು ಮಾಡಿ 15 ವರ್ಷ ನೋಡಿದ್ರು, ಮೂರೂ ಗುಂಪಿನಾಗ ಈ ಕ್ಯಾನ್ಸರ್‌ನಿಂದ ಸತ್ತವರು 100ಕ್ಕ ಮೂರರ ಆಜೂಬಾಜು ಅಷ್ಟೇ. ಆದ್ರ ಚೆಕಪ್ ಗುಂಪಿನಾಗ ಬ್ಯಾರೆ ಕಡಿ ಹರಡಿದ್ದು 100ಕ್ಕ 9, ಉಳಿದ ಗುಂಪಿನಾಗ 5. ಎರಡೂ ಮಾತು ಕೂಡ್ಸೇ ಕೇಳಬೇಕು. ಇದೂ ಕ್ಯಾನ್ಸರ್ ಗಡ್ಡಿ ಪ್ರೊಸ್ಟೇಟ್ ಬಿಟ್ಟು ಹೊರಗ ಹೋಗದೇ ಇದ್ದವರ ಲೆಕ್ಕ.

ನಮ್ಮ ಭಾಗದ ಕಥಿ ಬ್ಯಾರೆ ಅದ ನೋಡ್ರಿ. ಸೊಂಟ ನೋವು, ಸೊಂಟ ನೋವು ಅಂತ ಗುಳಿಗಿ ನುಂಗ್ಕೋತ ಹೋಗಿ ಕಡೀಕ ಬೋನ್ ಸ್ಕ್ಯಾನ್ ಮಾಡ್ಸಿದ್ರ ಎಲುಬಿಗೆ ಹತ್ತಿರ್ತದ. ಅವಾಗ ಗಂಡಸ್ತನದ ಹಾರ್ಮೋನ್ ಇಳಿಸಬೇಕು, 1941ರಾಗ ಚಾರ್ಲ್ಸ್ ಹಗ್ಗಿನ್ಸ್ ಅನ್ನೋ ಡಾಕ್ಟ್ರು ತೋರಿಸಿಕೊಟ್ಟ ದಾರಿ ಅದು, 1966ರಾಗ ಅವರಿಗೆ ನೊಬೆಲ್ ಬಂತು. ಇಳಿಸಾಕ ಒಂದೋ ತಿಂಗಳಿಗೊಮ್ಮೆ ಇಲ್ಲಾ ಮೂರು ತಿಂಗಳಿಗೊಮ್ಮೆ ಇಂಜೆಕ್ಷನ್, ಇಲ್ಲಂದ್ರ ಬೀಜ ತೆಗೆಯೋ ಆಪರೇಷನ್. ಎರಡ್ರಿಂದ್ಲೂ ಹಾರ್ಮೋನ್ ಇಳೀತದ, ಎರಡ್ರಾಗೂ ಮೈ ಬಿಸಿ ಆಗೋದು, ಆಸೆ ಕಮ್ಮಿ ಆಗೋದು, ಎಲುಬು ಸವೆಯೋದು ಇರ್ತದ. ಇಂಜೆಕ್ಷನ್ ನಿಲ್ಲಿಸಬಹುದು ಆದ್ರ ಖರ್ಚು ಮುಗಿಯಂಗಿಲ್ಲ, ಆಪರೇಷನ್ ಒಮ್ಮೆಗೇ ಮುಗೀತದ ಆದ್ರ ವಾಪಸ್ ಬರಂಗಿಲ್ಲ.

ಈಗ ಕ್ಯಾಬಿನ್ ಒಳಗ ನೋಡ್ರಿ. ಮಗ, ಅಳಿಯ ಡಾಕ್ಟ್ರ ಮುಂದ ಕುಂತಾರ, ಮುತ್ಯಾ ಹೊರಗ ಬೆಂಚಿನ ಮ್ಯಾಗ ಫೈಲ್ ತೊಡಿ ಮ್ಯಾಗ ಇಟ್ಕೊಂಡು ಕುಂತಾನ. "ಸರ್, ಅವರಿಗೆ ಕ್ಯಾನ್ಸರ್ ಅಂತ ಹೇಳಬ್ಯಾಡ್ರಿ, ಹೆದರ್ತಾರ, ಸಣ್ಣ ಆಪರೇಷನ್ ಅಂತ ಹೇಳ್ರಿ ಸಾಕು." ಒಂದು ಹೆಬ್ಬೆಟ್ಟು, ಮುಗೀತು. ಮಾಯಾದಿಂದನೇ ಮಾಡ್ತಾರ, ನನಗ ಗೊತ್ತದ, ಆದ್ರ ಮೈ ಅವಂದು, ಉತ್ತರಾನೂ ಅವಂದೇ ಆಗಬೇಕು. ನನ್ನ ಪ್ರಕಾರ ಪಶ್ಚಾತ್ತಾಪದ ಬೀಜ ಬೀಳೋದು ಅಲ್ಲೇ. ಮುತ್ಯಾನ್ನ ಒಳಗ ಕರೀರಿ, ಆಯಿನೂ ಕರ್ಕೊಂಡು ಹೋಗ್ರಿ.

ಸಹಿ ಹಾಕೋಕಿನ ಮೊದಲ ಕೇಳ್ರಿ: ಗ್ಲೀಸನ್ ಸ್ಕೋರ್ (ಗಡ್ಡಿ ಚೂರು ತೆಗೆದು ನೋಡಿ ಕ್ಯಾನ್ಸರ್ ಎಷ್ಟು ಜೋರ ಅದ ಅಂತ ಹೇಳೋ ನಂಬರ್) ಎಷ್ಟದ, ಹರಡ್ಯಾದೇನು, ನನ್ನ ವಯಸ್ಸಿಗೆ, ನನ್ನ ಶುಗರ್‌ಗೆ ಇದು ಸರಿಹೋಗ್ತದೇನು, ನಿಮ್ಮ ಕಡಿ ಮಾಡ್ಸಿದವರಾಗ ಎಷ್ಟು ಮಂದಿಗೆ ಸೋರ್ತದ, ಒಂದು ವರ್ಷದ ಮ್ಯಾಗ ನಾ ಹ್ಯಾಂಗಿರ್ತೀನಿ. ಪಿಎಸ್ಎ ಅನ್ನೋ ಪ್ರೊಸ್ಟೇಟ್ ರಕ್ತದ ಟೆಸ್ಟ್ ಜಾಸ್ತಿ ಬಂದ ಕೂಡ್ಲೇ ಕ್ಯಾನ್ಸರ್ ಅಲ್ಲ, ಇನ್ಫೆಕ್ಷನ್ ಆದ್ರೂ, ವಯಸ್ಸಿಗೆ ಗ್ರಂಥಿ ದೊಡ್ಡದಾದ್ರೂ ಏರ್ತದ. ಲೋ ರಿಸ್ಕ್, ಅಂದ್ರ ಹರಡೋ ಭಯ ಕಮ್ಮಿ ಇದ್ದವರು ನಾಲ್ಕು ದಿನ ವಿಚಾರ ಮಾಡಿದ್ರ, ಕಲಬುರಗಿ ಕಿದ್ವಾಯಿ ಕ್ಯಾನ್ಸರ್ ದವಾಖಾನಿಗೋ ಹೈದರಾಬಾದ್‌ಗೋ ಸೋಲಾಪುರಕ್ಕೋ ಹೋಗಿ ಇನ್ನೊಬ್ಬ ಡಾಕ್ಟ್ರನ್ನ ಕೇಳಿದ್ರ ಏನೂ ಕೈ ತಪ್ಪಂಗಿಲ್ಲ. ಹರಡಿದವರಿಗೆ ಕಾಲು ಶಕ್ತಿ ಹೋದ್ರ, ಮೂತ್ರ ನಿಂತ್ರ ಮಾತ್ರ ವಿಚಾರ ಬ್ಯಾಡ, ಅವತ್ತೇ ದವಾಖಾನಿಗೆ ಓಡ್ರಿ.

ಆಗಲೇ ಮಾಡ್ಸಿ ಒಳಗೇ ಕೊರಗೋರೂ ಈ ವಿಡಿಯೋ ನೋಡ್ತಿರಬಹುದು. ಸೋರೋದಕ್ಕ ಕೆಳಗಿನ ಸ್ನಾಯು ಬಿಗಿ ಹಿಡಿಯೋ ವ್ಯಾಯಾಮ ಅದ, ವರ್ಷ ಆದ್ರೂ ನಿಲ್ಲದಿದ್ರ ಅದಕ್ಕ ಬ್ಯಾರೆ ಆಪರೇಷನ್ ಅದ, ಯುರಾಲಜಿಸ್ಟ್‌ಗೆ ನಾಚದೇ ಹೇಳ್ರಿ. ಗಂಡಸ್ತನಕ್ಕ ಗುಳಿಗಿ, ಪಂಪ್ ಎರಡೂ ಅದಾವ, ಆದ್ರ ಎದಿ ನೋವಿಗೆ ನೈಟ್ರೇಟ್ ಗುಳಿಗಿ ತಗೊಳ್ಳೋರು ಆ ಗುಳಿಗಿ ಮುಟ್ಟಬಾರ್ದು, ಮೆಡಿಕಲ್‌ನಾಗ ತಾವೇ ಕೇಳಿ ತರಬ್ಯಾಡ್ರಿ.