ಇಡೀ ತೋಟ, ಪಾಲಾದ ಕೈಗಳು

ಕೇಳುಗರಿಗೆ ನಮಸ್ಕಾರ.

ತುಮಕೂರಿನ ನಮ್ಮ ಕಾಲೇಜಿನ ಕಂಪ್ಯೂಟರ್ ಪ್ರಯೋಗಾಲಯಕ್ಕೆ ಬರುವ ಹೊಸ ವಿದ್ಯಾರ್ಥಿಗಳಿಂದ ನಾನು ಮೊದಲು ಮಾಡಿಸುವ ಕೆಲಸವೆಂದರೆ ತಂತಮ್ಮ ಊರಿನ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಿಸುವುದು. ಹೋದ ವರ್ಷ ಒಬ್ಬ ಹುಡುಗಿ 'ಗುಬ್ಬಿ' ಎಂದು ಬರೆದಳು. ಕಂಪ್ಯೂಟರಿಗೆ ಸಿಕ್ಕಿದ್ದು ಗಕಾರ, ಕೊಂಬು, ಬಕಾರ, ಅರ್ಧಾಕ್ಷರದ ಗುರುತು, ಮತ್ತೊಂದು ಬಕಾರ, ಗುಡಿಸು ಎಂಬ ಆರು ಬಿಡಿ ಸಂಕೇತಗಳು. ಎರಡನೆಯ ಬಕಾರವನ್ನು ಒತ್ತಾಗಿಸಿ ಕೆಳಗಿಳಿಸಿ, ಕೊನೆಯಲ್ಲಿ ಬಂದ ಗುಡಿಸನ್ನು ಮೊದಲ ಬಕಾರದ ತಲೆಗೇರಿಸುವ ಕೆಲಸವನ್ನು ನಮ್ಮ ಲಿನಕ್ಸ್ ಯಂತ್ರಗಳಲ್ಲಿ ಮಾಡುವುದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ, ಅಂದರೆ ಯಾರು ಬೇಕಾದರೂ ಕೋಡನ್ನು ನೋಡಿ, ತಿದ್ದಿ, ಹಂಚಬಹುದಾದ ತಂತ್ರಾಂಶ. ಅದು ಇಬ್ಬರು ಪ್ರತಿಸ್ಪರ್ಧಿಗಳ ಜಂಟಿ ಆಸ್ತಿ ಎಂದರೆ ಆ ಹುಡುಗಿ ನಂಬಲಿಲ್ಲ.

1996ರಲ್ಲಿ, ಪರದೆಯ ಮೇಲಿನ ಕಿಟಕಿ, ಮೆನುಗಳನ್ನು ಒದಗಿಸುವ ಕೆಡಿಇ ಎಂಬ ಡೆಸ್ಕ್‌ಟಾಪ್ ಯೋಜನೆ ಆರಂಭವಾಯಿತು. ಅದಕ್ಕೆ ಆಧಾರವಾಗಿದ್ದ ಕ್ಯೂಟಿ ಎಂಬ ಕೋಡುಸಂಗ್ರಹದ ಪರವಾನಗಿ ಆಗ ಪೂರ್ಣ ಮುಕ್ತವಾಗಿರಲಿಲ್ಲವೆಂಬ ಕಾರಣಕ್ಕೆ 1997ರಲ್ಲಿ ಗ್ನೋಮ್ ಎಂಬ ಪ್ರತಿಸ್ಪರ್ಧಿ ಯೋಜನೆ ಹುಟ್ಟಿತು. ಎರಡೂ ಬಣಗಳ ಅಭಿಮಾನಿಗಳ ವಾಗ್ವಾದ ವರ್ಷಗಟ್ಟಲೆ ನಡೆಯಿತು. ಅದರಲ್ಲಿ ಬಹುಪಾಲು ಇಂದು ಓದಲು ಯೋಗ್ಯವಲ್ಲ. ಆದರೆ ಒಂದೇ ಮೂಲದಿಂದ ಬಂದ ಅಕ್ಷರಜೋಡಣೆಯ ಕೋಡನ್ನು ಒಂದು ಕಡೆ ಕ್ಯೂಟಿಯವರೂ ಇನ್ನೊಂದು ಕಡೆ ಪಠ್ಯ ಮೂಡಿಸಲು ಗ್ನೋಮ್ ಬಳಸುವ ಪ್ಯಾಂಗೊ ಎಂಬ ತಂತ್ರಾಂಶದವರೂ ಬೇರೆಬೇರೆಯಾಗಿ ತಿದ್ದುತ್ತಿದ್ದುದನ್ನು ಕಂಡುಕೊಂಡು, ಅದನ್ನು ಒಂದೆಡೆ ಸೇರಿಸಿದ್ದರಿಂದಲೇ ಹಾರ್ಫ್‌ಬಜ್ ಬೆಳೆಯಿತು. ಸ್ಪರ್ಧೆ ಮೇಲುಮಹಡಿಯಲ್ಲಿ ಹಾಗೆಯೇ ಉಳಿಯಿತು, ತಳಪಾಯ ಮಾತ್ರ ಒಂದಾಯಿತು.

ಎಲ್ಲ ಪಾಲುಗಳೂ ಹೀಗೆ ಮುಗಿಯುವುದಿಲ್ಲ. ನಮ್ಮ ತಿಪಟೂರಿನ ಕಡೆ ಅಣ್ಣತಮ್ಮಂದಿರು ಬೇರೆಯಾದರೆ ತೆಂಗಿನ ಮರಗಳನ್ನು ಎಣಿಸಿ ಹಂಚಿಕೊಳ್ಳುತ್ತಾರೆ. ಮುಕ್ತ ತಂತ್ರಾಂಶ ಕವಲೊಡೆದರೆ, ಕೋಡನ್ನು ಪೂರ್ತಿ ನಕಲು ಮಾಡಿಕೊಳ್ಳಬಹುದಾದ್ದರಿಂದ, ಇಬ್ಬರಿಗೂ ಇಡೀ ತೋಟವೇ ಸಿಗುತ್ತದೆ, ಪಾಲಾಗುವುದು ನೀರು ಕಟ್ಟುವ ಕೈಗಳು. 2010ರಲ್ಲಿ ಸನ್ ಎಂಬ ಕಂಪ್ಯೂಟರ್ ಕಂಪನಿ ಒರೇಕಲ್ ಎಂಬ ಇನ್ನೊಂದು ಕಂಪನಿಯ ವಶವಾದ ಮೇಲೆ, ಸನ್ ನಡೆಸುತ್ತಿದ್ದ ಕಚೇರಿ ಕೆಲಸದ ಮುಕ್ತ ತಂತ್ರಾಂಶವಾದ ಓಪನ್‌ಆಫೀಸ್‌ನ ಅನೇಕ ಕಾರ್ಯಕರ್ತರು ಹೊರಬಂದು ಅದರ ಕವಲಾದ ಲಿಬ್ರೆಆಫೀಸ್ ಕಟ್ಟಿದರು. ಮರುವರ್ಷ ಓಪನ್‌ಆಫೀಸ್ ಮುಕ್ತ ತಂತ್ರಾಂಶಗಳನ್ನು ನೋಡಿಕೊಳ್ಳುವ ಅಪಾಚೆ ಪ್ರತಿಷ್ಠಾನದ ಪಾಲಾಯಿತು. ಪರವಾನಗಿಗಳ ವ್ಯತ್ಯಾಸದಿಂದಾಗಿ ಲಿಬ್ರೆಆಫೀಸ್ ಅಲ್ಲಿಂದ ಕೋಡನ್ನು ತರಬಹುದಾಗಿತ್ತು, ಇಲ್ಲಿಂದ ಅಲ್ಲಿಗೆ ಒಯ್ಯುವಂತಿರಲಿಲ್ಲ. 2016ರ ಹೊತ್ತಿಗೆ ಓಪನ್‌ಆಫೀಸ್‌ನಲ್ಲಿ ಭದ್ರತಾ ದೋಷ ತಿದ್ದಲೂ ಕೈ ಸಾಲದೆ, ಯೋಜನೆಯನ್ನೇ ನಿಲ್ಲಿಸಬೇಕೇ ಎಂಬ ಚರ್ಚೆ ಅದರ ಒಳಗಿನವರಲ್ಲಿಯೇ ಎದ್ದಿತು. ನಿಲ್ಲಿಸಲಿಲ್ಲ, ಆದರೆ ಹೆಸರು ಹಳೆಯದೆಂಬ ಕಾರಣಕ್ಕೆ ಜನ ಅದನ್ನೇ ಇಳಿಸಿಕೊಳ್ಳುತ್ತಿದ್ದರು ಎಂಬುದು ನನಗೆ ಇಂದಿಗೂ ಕಸಿವಿಸಿಯ ಸಂಗತಿ.

ಕೈಗಳ ಕೊರತೆ ಇನ್ನೂ ಅಪಾಯಕಾರಿಯಾದದ್ದು 2024ರಲ್ಲಿ. ಎಕ್ಸ್‌ಜೆಡ್ ಎಂಬ ಕಡತ ಕುಗ್ಗಿಸುವ ತಂತ್ರಾಂಶವನ್ನು ಬಹುಕಾಲ ನೋಡಿಕೊಂಡಿದ್ದವರು ಒಬ್ಬರೇ. ಕೆಲಸ ನಿಧಾನವೆಂದು ಅಪರಿಚಿತ ಹೆಸರುಗಳಿಂದ ಗೊಣಗಾಟದ ಪತ್ರಗಳು ಬಂದವು. ಬಳಲಿದ್ದ ಅವರು ಸಹಾಯಕ್ಕೆ ಬಂದ ಇನ್ನೊಬ್ಬರಿಗೆ ಅಧಿಕಾರ ಹಂಚಿದರು, ಆ ಸಹಾಯಕ ಕೋಡಿನೊಳಗೆ, ಹೊರಗಿನವರು ಯಂತ್ರಕ್ಕೆ ನುಸುಳಬಹುದಾದ ಕಳ್ಳಬಾಗಿಲು ಇಟ್ಟ. ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಒಬ್ಬ ಎಂಜಿನಿಯರ್ ಬೆನ್ನುಹತ್ತಿದ್ದರಿಂದ ಅದು ಬಯಲಾಯಿತು.

ಯಾವ ತಂತ್ರಾಂಶ ಉತ್ತಮ ಎಂದು ವಿದ್ಯಾರ್ಥಿಗಳು ಕೇಳಿದಾಗ, ಕಳೆದ ಆರು ತಿಂಗಳಲ್ಲಿ ಕೋಡನ್ನು ತಿದ್ದಿದವರ ಹೆಸರುಗಳನ್ನು ಎಣಿಸಿ ಬನ್ನಿ ಎನ್ನುತ್ತೇನೆ. ಗುಬ್ಬಿಯ ಹುಡುಗಿ ತನಗೆ ಇಷ್ಟವಾದ ಒಂದು ಪುಟ್ಟ ತಂತ್ರಾಂಶವನ್ನು ಆರಿಸಿಕೊಂಡು, ನೋಟ್‌ಬುಕ್ಕಿನಲ್ಲಿ ಒಂದೇ ಹೆಸರು ಬರೆದು ತಂದಳು.

"ಇವರಿಗೆ ಹುಷಾರಿಲ್ದೆ ಹೋದ್ರೆ ಯಾರು ಸಾರ್ ನೋಡ್ಕೊಳ್ಳೋದು?" ಎಂದಳು.