ಪರೀಕ್ಷೆಗೆ ಬಾರದವರ ಲೆಕ್ಕ

ಕೇಳುಗರಿಗೆ ನಮಸ್ಕಾರ. ಕೃಷಿರಂಗ ಮುಗಿದ ಮೇಲೂ ರೇಡಿಯೋ ಆರಿಸದೆ ಕುಳಿತಿದ್ದೀರಿ, ಸಂತೋಷ. ನನಗೆ ಕೊಟ್ಟಿರುವ ಸಮಯದಲ್ಲಿ ಒಂದೇ ಮಾತು ಹೇಳುತ್ತೇನೆ. ಪರೀಕ್ಷೆಗೆ ಬಂದವರ ಲೆಕ್ಕವೇ ಬೇರೆ, ಸೋಂಕು ತಗುಲಿದವರ ಲೆಕ್ಕವೇ ಬೇರೆ.

2020ರಲ್ಲಿ ಪ್ರತಿ ಸಂಜೆ ಕೊರೊನಾದ ಜಿಲ್ಲಾವಾರು ಸಂಖ್ಯೆ ಬರುತ್ತಿತ್ತು, ನೆನಪಿದೆಯಲ್ಲ? 'ನಮ್ಮ ತಾಲ್ಲೂಕಿನಲ್ಲಿ ಇವತ್ತು ನಾಲ್ಕೇ' ಎಂದು ಸಮಾಧಾನಪಡುತ್ತಿದ್ದೆವು. ಆ ನಾಲ್ಕು, ಮೂಗಿಗೆ ಕಡ್ಡಿ ಹಾಕಿಸಿಕೊಂಡವರಲ್ಲಿ ಸಿಕ್ಕ ನಾಲ್ಕು. ಮೈ ಬಿಸಿಯಾಗಿ, ಕಷಾಯ ಕುಡಿದು, ಮಲಗಿ ಎದ್ದವರು ಅದರಲ್ಲಿಲ್ಲ. ಏನೂ ಆಗದೆ ವೈರಸ್ಸನ್ನು ಹೊತ್ತು ತಿರುಗಿದವರಂತೂ ಇಲ್ಲವೇ ಇಲ್ಲ.

ಅವರನ್ನು ಹುಡುಕಲು ರಕ್ತ ನೋಡಬೇಕು. ವೈರಸ್ ಒಳಹೊಕ್ಕರೆ ದೇಹ ಅದರ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತದೆ. ಎರಡು ವಾರ ಕಳೆದರೆ ಅವು ರಕ್ತದಲ್ಲಿ ಸಿಗುತ್ತವೆ, ಸೋಂಕು ಹೋದ ಮೇಲೂ ತಿಂಗಳುಗಟ್ಟಲೆ ಉಳಿಯುತ್ತವೆ. ಮೂಗಿನ ಪರೀಕ್ಷೆ 'ಈಗ ಇದೆಯೇ' ಎಂದು ಹೇಳುತ್ತದೆ. ರಕ್ತದ ಪರೀಕ್ಷೆ 'ಬಂದು ಹೋಯಿತೇ' ಎಂದು ಹೇಳುತ್ತದೆ. ಊರಿನವರೆಲ್ಲರ ರಕ್ತ ಬೇಕಿಲ್ಲ, ಚೀಟಿ ಎತ್ತಿ ಆರಿಸಿದ ಕೆಲವರದು ಸಾಕು.

ಚೀಟಿ ಎತ್ತುವುದು ಸುಲಭ. ಚೀಟಿಯಲ್ಲಿ ಬಂದವರನ್ನು ಹಿಡಿಯುವುದು ಕಷ್ಟ. ಆ ವರ್ಷದ ಮಳೆಗಾಲದಲ್ಲಿ ಇಂಥದ್ದೊಂದು ಸಮೀಕ್ಷೆಗಾಗಿ ಚಳ್ಳಕೆರೆ ಕಡೆಯ ಹಳ್ಳಿಗೆ ಹೋಗಿದ್ದೆವು. ಒಂದು ಮನೆಯಲ್ಲಿ ಆಯ್ಕೆಯಾದದ್ದು ಅಜ್ಜಿಯೊಬ್ಬರು. ಬೆಳಿಗ್ಗೆ ಹೋದರೆ ಶೇಂಗಾ ಹೊಲದಲ್ಲಿ ಕಳೆ ತೆಗೆಯುತ್ತಿದ್ದಾರೆ ಎಂದರು. ಮಧ್ಯಾಹ್ನ ಹೋದರೆ ಮಲಗಿದ್ದರು; ನಿದ್ದೆಯಿಂದ ಎಬ್ಬಿಸಿದವರಿಗೆ ಯಾರು ರಕ್ತ ಕೊಡುತ್ತಾರೆ? ಅಷ್ಟರಲ್ಲಿ ಪಕ್ಕದ ಮನೆಯ ಯುವಕ ಅಂಗಿಯ ತೋಳು ಮಡಿಸಿಕೊಂಡೇ ಬಂದ. "ನನ್ನದು ತೆಗೆದುಕೊಳ್ಳಿ ಸಾರ್, ಹೋದ ತಿಂಗಳು ಜ್ವರ ಬಂದಿತ್ತು, ಕೊರೊನಾ ಹೌದೋ ಅಲ್ಲವೋ ಗೊತ್ತಾಗಲಿ" ಎಂದ. ನಮ್ಮ ತಂಡದ ಹುಡುಗ ನನ್ನ ಕಿವಿಯಲ್ಲಿ, "ಒಪ್ಪಿಕೊಳ್ಳಿ ಸಾರ್, ಕತ್ತಲಾಗುತ್ತದೆ" ಎಂದ. ನಾನು ರೇಗಿಬಿಟ್ಟೆ. ಜ್ವರ ಬಂದಿತ್ತೆಂದು ತಾನಾಗಿ ಬಂದವನನ್ನು ಸೇರಿಸಿಕೊಂಡರೆ ಅದು ಮತ್ತೆ ಸಂಜೆಯ ವಾರ್ತೆಯ ಲೆಕ್ಕವೇ ಆಯಿತಲ್ಲ!

ಮೂರನೆಯ ಸಲ ಟಾರ್ಚ್ ಹಿಡಿದು ಹೋದೆವು. ಅಜ್ಜಿ ಜಗಲಿಯ ಮೇಲೆ ಕುಳಿತಿದ್ದರು. "ನನಗೆ ಒಂದು ಸೀನೂ ಬಂದಿಲ್ಲ, ಗಟ್ಟಿಯಾಗಿರುವವಳ ರಕ್ತ ನಿನಗೇಕಪ್ಪಾ?" "ಅದಕ್ಕೇ ಬೇಕು ಅಜ್ಜಿ" ಎಂದು ಅರ್ಧ ಗಂಟೆ ವಿವರಿಸಿದೆ. ಎಲ್ಲ ಕೇಳಿಸಿಕೊಂಡು ಅವರು, "ಓ, ಡೈರಿಯವನು ಹಾಲು ಕಲಕಿ ಫ್ಯಾಟ್ ನೋಡುವ ಹಾಗೆ" ಎಂದು ತೋಳು ಚಾಚಿದರು. ನಾನು ಅರ್ಧ ಗಂಟೆ ಹೇಳಿದ್ದನ್ನು ಒಂದು ಸಾಲಿನಲ್ಲಿ ಮುಗಿಸಿದರು. ಅವರ ರಕ್ತದಲ್ಲಿ ಪ್ರತಿಕಾಯವಿತ್ತು. ಆ ಯುವಕನದು ಏನಾಗಿತ್ತೋ, ನನಗೆ ಇಂದಿಗೂ ತಿಳಿಯದು.

ಕಥೆಯಲ್ಲೇ ಸಮಯ ಹೋಯಿತು. ಸಂಖ್ಯೆಗಳನ್ನು ಬೇಗ ಹೇಳುತ್ತೇನೆ. 2020ರ ಸೆಪ್ಟೆಂಬರ್ 3ರಿಂದ 16ರವರೆಗೆ ಕರ್ನಾಟಕ ಸರ್ಕಾರ ರಾಜ್ಯದ ಎಲ್ಲ ಜಿಲ್ಲೆಗಳಲ್ಲಿ ಸಮೀಕ್ಷೆ ನಡೆಸಿತು. ತಪಾಸಣೆಗೆ ಬಂದ ಗರ್ಭಿಣಿಯರು, ಸಂತೆಯ ವ್ಯಾಪಾರಿಗಳು, ವೃದ್ಧರು, ಹೀಗೆ ಬಗೆಬಗೆಯ ಜನರಿಂದ ಮಾದರಿ ತೆಗೆದರು. ನನಗೆ ಮನೆಮನೆಯ ಚೀಟಿಯೇ ಇಷ್ಟ, ಇರಲಿ. ಆಗ ಇದ್ದ ಸೋಂಕು, ಅದಕ್ಕೂ ಮೊದಲು ಬಂದು ಹೋದ ಸೋಂಕು ಎರಡನ್ನೂ ಕೂಡಿಸಿದಾಗ ಬಂದ ಅಂದಾಜು ನೂರಕ್ಕೆ 27.3. ಎಂದರೆ ರಾಜ್ಯದಲ್ಲಿ 1.93 ಕೋಟಿ ಜನ! ಆ ಹೊತ್ತಿಗೆ ಅಧಿಕೃತವಾಗಿ ದೃಢಪಟ್ಟಿದ್ದವರು ಐದು ಲಕ್ಷವೂ ಇರಲಿಲ್ಲ. ಲೆಕ್ಕಕ್ಕೆ ಸಿಕ್ಕ ಒಬ್ಬರ ಹಿಂದೆ ಸುಮಾರು ನಲವತ್ತು ಜನ. ಮತ್ತೆ ಹೇಳುತ್ತೇನೆ, ಪರೀಕ್ಷೆಗೆ ಬಂದವರ ಲೆಕ್ಕವೇ ಬೇರೆ.

ಮುಂಬೈಯಲ್ಲಿ ಅದೇ ವರ್ಷದ ಜುಲೈನಲ್ಲಿ ಮೂರು ವಾರ್ಡುಗಳನ್ನು ನೋಡಿದರು. ಕೊಳೆಗೇರಿಗಳಲ್ಲಿ ನೂರಕ್ಕೆ 57 ಜನರಲ್ಲಿ ಪ್ರತಿಕಾಯ, ಅದೇ ವಾರ್ಡುಗಳ ಉಳಿದ ಮನೆಗಳಲ್ಲಿ ನೂರಕ್ಕೆ 16. ಹತ್ತು ಮನೆಗೆ ಒಂದೇ ಶೌಚಾಲಯವಿದ್ದರೆ ಅಂತರ ಕಾಪಾಡುವುದು ಹೇಗೆ? ಇಡೀ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ ಮೊದಲ ಸಮೀಕ್ಷೆಯಲ್ಲಿ, 2020ರ ಮೇ-ಜೂನ್ ವೇಳೆಗೆ, ನೂರಕ್ಕೆ ಒಬ್ಬರೂ ಇರಲಿಲ್ಲ. 2021ರ ಜೂನ್-ಜುಲೈ ವೇಳೆಗೆ 67.6.

ಲಸಿಕೆಯಿಂದಲೂ ಪ್ರತಿಕಾಯ ಬರುತ್ತದಲ್ಲ ಎಂದು ಯಾರೋ ಕೇಳುತ್ತಿದ್ದೀರಿ. ಬರುತ್ತದೆ. ಆದರೆ ಆ ಸಲ ಲಸಿಕೆ ಪಡೆಯದವರಲ್ಲೇ ನೂರಕ್ಕೆ 62 ದಾಟಿತ್ತು. ಉಳಿದದ್ದಕ್ಕೆ ಸಮಯವಿಲ್ಲ, ಗಾಜಿನಾಚೆಯಿಂದ ಕೈ ಬೀಸುತ್ತಿದ್ದಾರೆ.

ಒಂದು ವಿನಂತಿ. ನಿಮ್ಮ ಮನೆಗೆ ಇಂಥ ತಂಡ ಬಂದು ಅತ್ತೆಯವರ ಹೆಸರು ಹೇಳಿದರೆ, 'ಅವರು ಬೇಡ, ನನ್ನದು ತೆಗೆದುಕೊಳ್ಳಿ' ಎನ್ನಬೇಡಿ. ಅತ್ತೆಯವರನ್ನೇ ಕರೆಯಿರಿ. ಹೊಲದಲ್ಲಿದ್ದರೆ ಎಷ್ಟು ಹೊತ್ತಿಗೆ ಬರುತ್ತಾರೆಂದು ಹೇಳಿ, ತಂಡದವರು ಮತ್ತೆ ಬರುತ್ತಾರೆ. ನಮಸ್ಕಾರ.