4103: ಅಟ್ಟದಲ್ಲಿ ಸಿಕ್ಕ ಪೈಪು

ಇದು ಬದಿಯಡ್ಕದ ನಮ್ಮ ಹಳೇ ಮನೆಯ ಅಟ್ಟ. ಧೂಳು ಜಾಸ್ತಿ, ನಡುವೆ ಕೆಮ್ಮಿದರೆ ಬೇಜಾರು ಮಾಡಬೇಡಿ. ಈ ಟ್ರಂಕು ಅಜ್ಜನ ತಮ್ಮನದ್ದು. ಬೊಂಬಾಯಿಯಲ್ಲಿ ಕೆಲಸದಲ್ಲಿದ್ದವರು. ಹಳೇ ಶಾಲಿನೊಳಗೆ ಸುತ್ತಿಟ್ಟ ಈ ತಂಬಾಕು ಸೇದುವ ಪೈಪು ಸಿಕ್ಕಿತು.

ಒಣ ಬಟ್ಟೆಯಲ್ಲಿ ಉಜ್ಜಿ, ಟಾರ್ಚನ್ನು ಓರೆಯಾಗಿ ಹಿಡಿದೆ. ತಂಬಾಕು ತುಂಬುವ ಬಟ್ಟಲಿನಿಂದ ಹೊರಡುವ ಕತ್ತಿನ ಮೇಲೆ ಡನ್‌ಹಿಲ್ ಅಂತ ಇದೆ, ಇಂಗ್ಲೆಂಡಿನ ಪೈಪು ಕಂಪೆನಿ. ಅಲ್ಲೇ 4103. ಸೀರಿಯಲ್ ನಂಬರ್ ಇರಬೇಕು ಅಂದುಕೊಂಡೆ. ಅಲ್ಲವೇ ಅಲ್ಲ, ಇದು ಪೈಪಿನ ಆಕಾರ!

ಡನ್‌ಹಿಲ್‌ನವರು 1970ರ ದಶಕದಲ್ಲಿ ತಂದ ಲೆಕ್ಕ ಇದು. ಮೊದಲ 4 ಅಂದರೆ ಗಾತ್ರ. ಅಲ್ಲಿ 1 ಇದ್ದರೆ ತೀರಾ ಚಿಕ್ಕದು. ಎರಡನೇ ಅಂಕೆ ಬಾಯಿಗಿಡುವ ತುದಿಯದ್ದು: ಕತ್ತಿನಿಂದ ಮೆಲ್ಲಗೆ ಸಪೂರ ಆಗುತ್ತಾ ಹೋದರೆ 1, ಮೆಟ್ಟಿಲು ಇಳಿದ ಹಾಗೆ ತಟ್ಟನೆ ತೆಳುವಾದರೆ 2. ಕೊನೆಯ 03 ಅಂದರೆ ಬಿಲಿಯರ್ಡ್, ನೆಟ್ಟಗಿನ ಸಾದಾ ಪೈಪು. 01 ಆಪಲ್, 05 ಡಬ್ಲಿನ್ ಅಂತ ಬೇರೆ ಆಕಾರಗಳು.

ಕೆಳಗೆ ಜಗಲಿಯಲ್ಲಿ ದೊಡ್ಡಮ್ಮ ಅಡಿಕೆ ಹೆಕ್ಕುತ್ತಿದ್ದಾರೆ. ಚಾಲಿ, ಪಟೋರ, ಉಳ್ಳಿ, ಕರಿಗೋಟು ಅಂತ ಅಡಿಕೆಯ ಬಗೆಗಳು. ಇಲ್ಲಿ ಹೇಳಿದರೂ ಪುತ್ತೂರಿನಲ್ಲಿ ಹೇಳಿದರೂ ಅರ್ಥ ಒಂದೇ. ಪೈಪಿನ ನಂಬರು ಹಾಗಲ್ಲ, ಕಂಪೆನಿಗೊಂದು. ಇದೇ ಬಿಲಿಯರ್ಡ್ ಇಟಲಿಯ ಸವಿನೆಲ್ಲಿ ಕಂಪೆನಿಯಲ್ಲಿ 101. ಹಾಗಾಗಿ ಮಾತಿಗೆ ಹೆಸರೇ ಗತಿ.

ಹೆಸರೂ ಸುಲಭ ಅಲ್ಲ ಮಾರಾಯ್ರೇ. ಉದ್ದ ಕತ್ತಿನ ನಾಲ್ಕು ಪೈಪುಗಳಿವೆ. ಬಟ್ಟಲು ನಾಲ್ಕರದ್ದೂ ಹೆಚ್ಚುಕಮ್ಮಿ ಒಂದೇ. ಕತ್ತು ಮೊಟ್ಟೆಯಾಕಾರ, ತುದಿ ಸಪೂರ ಆದರೆ ಕೆನೇಡಿಯನ್. ಅದೇ ಕತ್ತಿಗೆ ಮೆಟ್ಟಿಲಿನ ತುದಿ ಬಂದರೆ ಲಂಬರ್‌ಮ್ಯಾನ್. ಕತ್ತು ಗುಂಡಗಿದ್ದು ತುದಿ ಸಪೂರ ಆದರೆ ಲಿವರ್‌ಪೂಲ್, ಮೆಟ್ಟಿಲಿದ್ದರೆ ಲೋವಟ್. ಪೂರ್ತಿ ಒಂದು ಮಧ್ಯಾಹ್ನ ಇದಕ್ಕೇ ಹೋಯಿತು.

ಈಗ ಇಲ್ಲಿ ನೋಡಿ. ನಂಬರಿನ ಪ್ರಕಾರ ತುದಿ ಮೆಲ್ಲಗೆ ಸಪೂರ ಆಗಬೇಕು. ಇದರಲ್ಲಿ ಮೆಟ್ಟಿಲಿದೆ. ಡನ್‌ಹಿಲ್‌ನವರು ತುದಿಯಲ್ಲಿ ಕೂರಿಸುವ ಬಿಳಿ ಚುಕ್ಕೆಯೂ ಇಲ್ಲ. ಅಂದರೆ ತುದಿ ಇದರದ್ದಲ್ಲ!

ಇಳಿದು ಹೋಗಿ ಕೇಳಿದೆ. ದೊಡ್ಡಮ್ಮ ತಲೆ ಎತ್ತಲಿಲ್ಲ.

"ಅದಾ? ಸಣ್ಣ ಮಾವ ಅಂಗಳದ ಕಲ್ಲಿನ ಮೇಲೆ ಬೀಳಿಸಿದ್ದರು. ತುದಿ ಎರಡು ತುಂಡು. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ."

ಅಷ್ಟು ಹೇಳಿ ಕೈಯಲ್ಲಿದ್ದ ಅಡಿಕೆಯನ್ನು ಕರಿಗೋಟಿನ ರಾಶಿಗೆ ಹಾಕಿದರು.